ಸವಾಲಿಗಿಟ್ಟ ಕೌದಿ

ಮಡಿಸಿಟ್ಟ ಕೌದಿಯಷ್ಟು ಬಾಯಿಲ್ಲದ ವಸ್ತು ಇನ್ನೊಂದಿಲ್ಲ. ಅಂಗಡಿಯ ಕಪಾಟಿನಲ್ಲಿ ಹತ್ತು ಕೌದಿ ಪೇರಿಸಿಟ್ಟರೆ ಅಗಸರ ಮನೆಗೆ ಹೊರಟ ಗಂಟಿನ ಹಾಗೆ ಕಾಣುತ್ತವೆ. ಮೊಬೈಲ್ ಫೋಟೋದಲ್ಲಿ ಬಣ್ಣ ಸಿಗುತ್ತದೆ, ಭಾರ ಸಿಗುವುದಿಲ್ಲ. ಇಬ್ಬರು ನಿಂತು ನಾಲ್ಕು ಮೂಲೆ ಹಿಡಿದು ಬಿಚ್ಚಿದಾಗಲೇ ಅದು ಕೌದಿ. ಇಳಕಲ್ ಸೀರೆಯ ಗೋಮಿ ದಡಿ ಅಂಚಿಗೆ ಓಡಿರುತ್ತದೆ, ಟೋಪ ತೆನೆಯ ಸೆರಗಿನ ತುಂಡೊಂದು ನಡುವೆ ಕೂತಿರುತ್ತದೆ, ಯಾರದೋ ಹಳೇ ಕುಬಸದಿಂದ ಬಂದ ಗುಳೇದಗುಡ್ಡದ ಖಣ ಮೂಲೆ ಹಿಡಿದಿರುತ್ತದೆ. ಹಿಂಬದಿಗೆ ತಿರುಗಿಸಿದರೆ ಈ ಸಡಗರವೆಲ್ಲ ಮಾಯ. ಮಾಸಿದ ಒಂದೇ ಬಣ್ಣದ ಸೀರೆ, ಅದರ ಮೇಲೆ ಬೆರಳಗಲಕ್ಕೂ ಕಡಿಮೆ ಅಂತರದಲ್ಲಿ ಬಿಳಿ ದಾರದ ಸಾಲುಗಳು, ಅಷ್ಟೇ. ಕೌದಿಯ ಗುಣ ಬಲ್ಲವರು ನೋಡುವುದು ಈ ಹಿಂಬದಿಯನ್ನೇ. ಸಾಲು ಎಲ್ಲಿ ಅಗಲವಾಯಿತು, ಎಲ್ಲಿ ಸೂಜಿ ಅವಸರ ಮಾಡಿತು ಎಂಬುದು ಅಲ್ಲಿ ಬಚ್ಚಿಡಲಾಗದು. ಕೈಯಾಡಿಸಿದರೆ ಸಾಲು ಸಾಲಿನ ನಡುವೆ ಬಟ್ಟೆ ಸಣ್ಣಗೆ ಉಬ್ಬಿದ್ದು ತಿಳಿಯುತ್ತದೆ. ವರ್ಷಗಟ್ಟಲೆ ಒಗೆಸಿಕೊಂಡು ಮೆತ್ತಗಾದ ಹತ್ತಿಯ ಪದರಗಳ ಈ ಮೃದುತ್ವ ಹೊಸ ಬಟ್ಟೆಗೆ ಎಷ್ಟು ದುಡ್ಡು ಸುರಿದರೂ ಬಾರದು.

ಇಂಥದ್ದನ್ನು ಹೊಲಿದು ಮಾರುವ ಸಣ್ಣ ಸಂಘಗಳಿಗೆ, ಒಬ್ಬಿಬ್ಬರೇ ಕೂತು ಸೂಜಿ ಹಿಡಿಯುವ ಮನೆಗಳಿಗೆ ಪ್ರಚಾರ ಎಂಬುದು ದೊಡ್ಡ ತಲೆನೋವು. ಪತ್ರಿಕೆಯ ಜಾಹೀರಾತು ಕೈಗೆಟುಕದು. ಮೇಳದ ಮಳಿಗೆಗೆ ಬಾಡಿಗೆ, ಊಟ, ಬಸ್ ಚಾರ್ಜು ಕಳೆದರೆ ಉಳಿಯುವುದು ವಿಸಿಟಿಂಗ್ ಕಾರ್ಡು. ನನ್ನ ವಾದವೆಂದರೆ, ಇವರಿಗೆ ಒಗ್ಗುವ ಜಾಗ ನಮ್ಮ ಊರುಗಳಲ್ಲಿ ಮೊದಲೇ ಇದೆ: ಸಹಾಯಾರ್ಥ ಸವಾಲು, ಅಂದರೆ ಹರಾಜು. ಶಾಲೆಯ ಕೊಠಡಿಗೆ, ಜಾತ್ರೆಯ ದಾಸೋಹಕ್ಕೆ, ಯಾರದೋ ಮಗುವಿನ ಶಸ್ತ್ರಚಿಕಿತ್ಸೆಗೆ ಹಣ ಕೂಡಿಸಲು ವಸ್ತುಗಳನ್ನು ಕೂಗುವ ರೂಢಿ ನಮಗೆ ಹೊಸದಲ್ಲ. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂತು. ಆ ಪರಂಪರೆಯ ಚರ್ಚುಗಳ ಬೆಳೆಹಬ್ಬದಲ್ಲಿ ತೆಂಗಿನಕಾಯಿ, ಬಾಳೆಗೊನೆ, ಕೋಳಿ ಎಲ್ಲವೂ ಏಲಂಗೆ ಬರುತ್ತವೆ. ಕೊಂಡವರು ಅದನ್ನೇ ಮತ್ತೆ ಏಲಂಗೆ ಬಿಡುವುದೂ ಉಂಟು. ಬಾಳೆಗೊನೆಯ ಮಟ್ಟಿಗೆ ಅದು ಉದಾರತೆ. ಕೌದಿಯ ಮಟ್ಟಿಗೆ ಹೇಳುವುದಾದರೆ, ಒಂದೇ ವಸ್ತು ಎರಡು ಸಲ ಜನರೆದುರು ಬಿಚ್ಚಿಕೊಂಡ ಹಾಗಾಯಿತು. ಕೂಗು ಏರುತ್ತಿರುವಷ್ಟು ಹೊತ್ತೂ ಸಭೆಯ ಕಣ್ಣು ಒಂದೇ ಕಡೆ ಇರುತ್ತದೆ. ಯಾವ ಮಳಿಗೆ ಒಂದು ಕೌದಿಗೆ ಅಷ್ಟು ಹೊತ್ತು ಕೊಟ್ಟೀತು?

ಆದರೆ ಈ ನೋಟಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹೆಚ್ಚಿನವರು ಗಮನಿಸದ್ದು ಅದೇ. ಸವಾಲು ಮುಗಿದಾಗ ಎಲ್ಲರೂ ಗೆದ್ದವರತ್ತ ತಿರುಗುತ್ತಾರೆ, ಫೋಟೋ ತೆಗೆಯುತ್ತಾರೆ. ಕೌದಿ ಮಾರಬೇಕಾದವರು ತಿರುಗಬೇಕಾದದ್ದು ಸೋತವರತ್ತ. ಏರುತ್ತ ಹೋಗುವ ಹರಾಜಿನಲ್ಲಿ ಕೂಗು ನಿಲ್ಲುವುದು ಎರಡನೆಯವರು ಸುಮ್ಮನಾದಾಗ. ಗೆದ್ದವರು ಮನಸ್ಸಿನಲ್ಲಿ ಇನ್ನೆಷ್ಟಕ್ಕೆ ತಯಾರಿದ್ದರೋ ಅದು ಹೊರಬೀಳುವುದೇ ಇಲ್ಲ. ಅಂದರೆ ಕೊನೆಯ ಬೆಲೆಯನ್ನು ನಿಜವಾಗಿ ಕಟ್ಟಿದವರು ಸೋತವರು. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ಬರೆದ ಪ್ರಸಿದ್ಧ ಲೇಖನ ಈ ಲೆಕ್ಕವನ್ನು ಗಣಿತದಲ್ಲಿ ಬಿಡಿಸಿತು. 1996ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಸಂತೆಯ ದಲಾಲಿಗಳಿಗೆ ಇದು ಗಣಿತವಿಲ್ಲದೆಯೇ ಗೊತ್ತಿರಬಹುದು. ಕೌದಿಗೆ ಇದನ್ನು ಹಚ್ಚಿ ನೋಡಿ. ಸವಾಲು ಮುಗಿದ ಹೊತ್ತಿಗೆ ಊರಿನ ಇಬ್ಬರು ಮೂವರು ತಮಗೆ ಕೌದಿ ಬೇಕು, ಇಷ್ಟು ಕೊಡಬಲ್ಲೆವು ಎಂದು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಿರುತ್ತಾರೆ, ಆದರೂ ಅವರ ಕೈ ಖಾಲಿ. ಇವರಿಗಿಂತ ಒಳ್ಳೆಯ ಗಿರಾಕಿಗಳ ಪಟ್ಟಿ ಯಾವ ಜಾಹೀರಾತಿನಿಂದ ಸಿಕ್ಕೀತು? ಹೊಲಿದವರು ಆ ಹೊತ್ತಿನಲ್ಲಿ ಅವರ ಹತ್ತಿರ ಹೋಗಿ, “ನಿಮ್ಮ ಮನೆಯ ಹಳೇ ಸೀರೆ ಕೊಡ್ರಿ, ನಿಮಗೂ ಒಂದು ಹೊಲಿದುಕೊಡತೇವಿ” ಎಂದರೆ ಸಾಕು. ಕಾರ್ಖಾನೆಯ ರಜಾಯಿ ಈ ಮಾತನ್ನು ಆಡಲಾರದು.

ಹೊದಿಕೆಗಳನ್ನು ಸಹಾಯಾರ್ಥ ಸವಾಲಿಗಿಡುವುದು ಬೇರೆ ಕಡೆ ನಡೆದುಬಂದಿದೆ. 1920ರಲ್ಲಿ ಹುಟ್ಟಿದ ಮೆನೊನೈಟ್ ಸೆಂಟ್ರಲ್ ಕಮಿಟಿ ಎಂಬ ಪರಿಹಾರ ಸಂಸ್ಥೆಗಾಗಿ ಅಮೆರಿಕ, ಕೆನಡಾಗಳ ಊರುಗಳಲ್ಲಿ ಹರಾಜುಗಳು ನಡೆಯುತ್ತವೆ. ಅಲ್ಲಿಯ ದೊಡ್ಡ ಆಕರ್ಷಣೆ ಕೈಯಿಂದ ಹೊಲಿದ ಹೊದಿಕೆಗಳೇ. ಕೂಗಿಗೆ ಮೊದಲೇ ಅವನ್ನು ಹರಡಿ ತೋರಿಸುತ್ತಾರೆ. ಜನ ಹೊಲಿಗೆಯ ಹತ್ತಿರ ಬಗ್ಗಿ ನೋಡುತ್ತಾರೆ. ನಮ್ಮಲ್ಲಿ ಹಾಗೆ ಬಗ್ಗಿ ನೋಡಬೇಕಾದ ಕೆಲಸಕ್ಕೆ ಕೊರತೆಯೇನಿಲ್ಲ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಎಂಬ ಕೌದಿಯನ್ನೇ ತೆಗೆದುಕೊಳ್ಳಿ. ಅದರ ಹೊಲಿಗೆ ಮೂಲೆಯಿಂದ ಹೊರಟು ಅಂಚು ಹಿಡಿದು ಸುತ್ತುತ್ತ ಒಳಗೆ ಸಾಗಿ ನಡುವೆ ಮುಗಿಯುತ್ತದೆ. ನಾಲ್ಕು ಮೂಲೆಗೆ ಮಡಿಸಿ ಹೊಲಿದ ‘ಫೂಲ’ ಬರದಿದ್ದರೆ ಅವರ ಕಣ್ಣಿಗೆ ಅದು ಬೆತ್ತಲೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಬಗ್ಗೆ ಬರೆದರು, ಪರದೇಶದಲ್ಲಿ ಪ್ರದರ್ಶನಕ್ಕಿಟ್ಟರು. ಕಡಲಾಚೆ ಗೋಡೆಗೆ ಏರಿದ ಹೊದಿಕೆಯನ್ನು ಪಕ್ಕದ ತಾಲ್ಲೂಕಿನವರು ಕಂಡಿಲ್ಲ ಎಂದರೆ ತಪ್ಪು ಹೊಲಿದವರದಲ್ಲ.

ಸವಾಲಿನ ಬೆಲೆ ಸುಳ್ಳು ಬೆಲೆ ಎಂದು ಆಕ್ಷೇಪಿಸುವವರಿದ್ದಾರೆ. ಅವರ ಮಾತಿನಲ್ಲಿ ತಿರುಳಿದೆ. ಹೈದರಾಬಾದಿನ ಬಾಲಾಪುರ ಗಣಪತಿಯ ಲಾಡು 1994ರಲ್ಲಿ 450 ರೂಪಾಯಿಗೆ ಹೋಗಿತ್ತು. 2024ರಲ್ಲಿ 30 ಲಕ್ಷ ದಾಟಿತು. ಲಾಡಿನ ಬೆಲೆ ಅದೆಂದು ಯಾರೂ ನಂಬುವುದಿಲ್ಲ. ಭಕ್ತಿ, ಪ್ರತಿಷ್ಠೆ, ಹಟ ಎಲ್ಲ ಸೇರಿ ಆದ ಮೊತ್ತ ಅದು. ಸುದ್ದಿಯ ತಲೆಬರಹದಲ್ಲಿ ಮಿಂಚುವುದೂ ಕೂಗಿದವರೇ ಹೊರತು ಲಾಡು ಕಟ್ಟಿದವರಲ್ಲ. ಕೌದಿಗೂ ಇದೇ ಗತಿಯಾದರೆ ಹೊಲಿದವರು ಮರುದಿನ ಅದೇ ದರ ಹೇಳಿ ಗಿರಾಕಿ ಕಳೆದುಕೊಳ್ಳುತ್ತಾರೆ. ಅದಕ್ಕೇ ಕೊನೆಯ ಅಂಕಿಯನ್ನು ಬರೆದಿಟ್ಟುಕೊಳ್ಳಬೇಡಿ ಎನ್ನುತ್ತೇನೆ. ಐದಾರು ದನಿಗಳು ಕೂಗುತ್ತಿದ್ದದ್ದು ಎಲ್ಲಿ ಎರಡಕ್ಕೆ ಇಳಿಯಿತೋ ಆ ಅಂಕಿಯನ್ನು ನೆನಪಿಡಿ. ಅಲ್ಲಿಯವರೆಗೆ ಕೂಗಿದವರಲ್ಲಿ ಹೆಚ್ಚಿನವರು ಕೌದಿಗಾಗಿ ಕೂಗಿದವರು. ಅದರಾಚೆಯದು ಪುಣ್ಯದ ಲೆಕ್ಕ, ಇಲ್ಲವೇ ಮೀಸೆಯ ಲೆಕ್ಕ. ಬೆಲೆ ತೀರಾ ಕೆಳಗೆ ಬಿದ್ದು ಅವಮಾನವಾದರೆ ಎಂಬ ಅಂಜಿಕೆಗೆ ಮದ್ದು ಸುಲಭ: ಕೂಗು ಶುರುವಾಗುವುದೇ ಬಟ್ಟೆ, ದಾರ, ಮಜೂರಿ ಸೇರಿದ ಮೊತ್ತದಿಂದ ಎಂದು ಮೊದಲೇ ಸಾರಬೇಕು. ಯಾರೂ ಕೂಗದಿದ್ದರೆ ಕೌದಿ ಮನೆಗೆ ವಾಪಸು ಬರುತ್ತದೆ, ಅಷ್ಟೇ.

ದಾನದಲ್ಲಿ ವ್ಯಾಪಾರ ಬೆರೆಸಬಾರದು, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುವವರೂ ಇದ್ದಾರೆ. ಶಾಲೆಯ ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು ಬರೆಸುವ ನಾಡಿನಲ್ಲಿ, ಹೊಲಿದವರ ಹೆಸರು ಹೊತ್ತು ಕೌದಿಯ ಮೂಲೆಗೆ ಕೂತ ಎರಡು ಬೆರಳಗಲದ ಬಟ್ಟೆಚೀಟಿಯಿಂದ ಧರ್ಮ ಕೆಡುತ್ತದೆಂಬ ವಾದ ನನಗೆ ಹಿಡಿಸದು.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸುವ ಆಕ್ಷೇಪ ಬೇರೆಯದು. ಆ ಸಭೆಯಲ್ಲಿ ಎಲ್ಲರಿಗಿಂತ ಕಡಿಮೆ ಹಣವಿರುವವರು ಕೌದಿ ಹೊಲಿದವರೇ ಇದ್ದಾರು. ವಾರಗಟ್ಟಲೆ ಬೆನ್ನು ಬಗ್ಗಿಸಿದ ಕೆಲಸವನ್ನು ಅವರೇ ಪುಕ್ಕಟೆ ಕೊಟ್ಟು, ಜವಳಿ ಅಂಗಡಿಯ ಸಾಹುಕಾರರು ಅದನ್ನು ಕೂಗಿ ಚಪ್ಪಾಳೆ ಗಿಟ್ಟಿಸುವುದು ಎಲ್ಲಿಯ ನ್ಯಾಯ? ದೇಣಿಗೆಯ ತೆರಿಗೆ ರಿಯಾಯಿತಿ ಕೂಡ ಹಣ ಕೊಟ್ಟವರಿಗೇ; ವಸ್ತು ಕೊಟ್ಟವರಿಗೆ ಅದೂ ಇಲ್ಲ. ಮೇಲಾಗಿ “ಪ್ರಚಾರ ಸಿಗುತ್ತಲ್ಲ, ಇದೊಂದು ಸಲ ಕೊಡಿ” ಎಂಬ ಮಾತು ಕುಶಲಕರ್ಮಿಗಳ ಬೆವರನ್ನು ಬಿಟ್ಟಿ ಪಡೆಯುವವರ ಬಾಯಲ್ಲಿ ಸವೆದುಹೋಗಿದೆ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಒಪ್ಪಿಯೂ ವಾದ ಬಿಡುವುದಿಲ್ಲ, ಏಕೆಂದರೆ ಸರಿಪಡಿಸಬೇಕಾದದ್ದು ಲೆಕ್ಕದ ರೀತಿಯನ್ನು. ಊರಿನ ಅನುಕೂಲಸ್ಥರೊಬ್ಬರು ಪೂರಾ ಹಣ ಕೊಟ್ಟು ಕೌದಿ ಕೊಂಡು ಸವಾಲಿಗೆ ಬಿಡಲಿ. ದಾನ ಅವರದು, ಕೆಲಸ ಹೊಲಿದವರದು, ಎರಡು ಹೆಸರೂ ಕೂಗಿನಲ್ಲಿ ಬರಲಿ. ಅದಾಗದಿದ್ದರೆ ಮಜೂರಿಯನ್ನು ಬಂದ ಮೊತ್ತದಿಂದ ಮೊದಲು ತೆಗೆದಿಟ್ಟು, ಮಿಕ್ಕದ್ದು ನಿಧಿಗೆ ಎಂದು ಮೈಕಿನಲ್ಲಿ ಹೇಳಿಬಿಡಲಿ. ಕೂಗುವವರಿಗೆ ಇದರಿಂದ ಉತ್ಸಾಹ ಕುಂದುತ್ತದೆಂದು ನನಗೆ ಅನಿಸುವುದಿಲ್ಲ. ತಮ್ಮ ಹಣ ಎರಡು ಕಡೆ ಮುಟ್ಟಿತು ಎಂಬ ಸಮಾಧಾನ ಅವರಿಗೂ ಇದ್ದೀತು.

ಕೊಡುವವರಿಗೂ ಒಂದು ಕಿವಿಮಾತು. ಮಾರಾಟವಾಗದೆ ಉಳಿದದ್ದನ್ನು ಸವಾಲಿಗೆ ತಳ್ಳಬೇಡಿ. ಪಾಲಿಯೆಸ್ಟರ್ ಸೀರೆಯ ತುಂಡು ತುರುಕಿದ, ಸಾಲು ಸೊಟ್ಟಾದ ಕೌದಿಯನ್ನು ನೂರು ಜನರೆದುರು ಬಿಚ್ಚಿದರೆ ಅಷ್ಟೂ ಜನ ನಿಮ್ಮ ಕೈಯನ್ನು ಅದರಿಂದಲೇ ಅಳೆಯುತ್ತಾರೆ. ವರ್ಷಕ್ಕೆ ಒಂದೇ ಸಾಕು, ಆದರೆ ಅದು ನಿಮ್ಮ ಕೈಯ ಉತ್ತಮ ಕೆಲಸವಾಗಿರಲಿ. ಕೂಗಿಗೆ ಮೊದಲು ಅದನ್ನು ಬಾಗಿಲ ಬಳಿಯ ಹಗ್ಗದ ಮೇಲೆ ಹರವಿ, ಹಿಂಬದಿ ಕಾಣುವಂತೆ; ಮುಟ್ಟಬೇಡಿ ಎಂಬ ಫಲಕ ಹಾಕಬೇಡಿ. ಹೆಸರು, ಊರು, ಫೋನ್ ನಂಬರು ಇರುವ ಬಟ್ಟೆಚೀಟಿಯನ್ನು ಕೌದಿಗೇ ಹೊಲಿಯಿರಿ. ಕಾಗದದ ಚೀಟಿ ಮನೆ ಮುಟ್ಟುವ ಮೊದಲೇ ಕಳೆದಿರುತ್ತದೆ.

ಇನ್ನು ಸವಾಲು ನಡೆಸುವ ಸಮಿತಿಯವರೇ, ಕುಕ್ಕರು, ಗೋಡೆ ಗಡಿಯಾರಗಳ ಸಾಲು ಮುಗಿದು ಜನ ಊಟಕ್ಕೆ ಏಳುವ ಹೊತ್ತಿಗೆ ಕೌದಿಯನ್ನು ತರಬೇಡಿ. ಸಭೆ ತುಂಬಿದ್ದಾಗ ತನ್ನಿ, ಇಬ್ಬರನ್ನು ನಿಲ್ಲಿಸಿ ಬಿಚ್ಚಿಸಿ, ಎರಡೂ ಮೈ ತೋರಿಸಿ. ಹೊಲಿದವರ ಹೆಸರನ್ನು ಕೂಗಿಗೆ ಮುಂಚೆ ಹೇಳಿ, ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮಜೂರಿಯನ್ನು ಅಂದೇ ಸಂಜೆ ಕೈಗೆ ಕೊಟ್ಟು ಕಳಿಸಿ.