ಅರವತ್ತು ಕುದುರೆಗಳ ಲೆಕ್ಕ

2016ರ ಸೆಪ್ಟೆಂಬರ್ 21ರಂದು ದೆಹಲಿಯ ಒಂದು ರಸ್ತೆಯ ಹೆಸರು ಬದಲಾಯಿತು. ಪ್ರಧಾನಿಯವರ ನಿವಾಸವಿರುವ ರೇಸ್ ಕೋರ್ಸ್ ರಸ್ತೆ ಲೋಕ ಕಲ್ಯಾಣ ಮಾರ್ಗವಾಯಿತು. ಹಳೆಯ ಹೆಸರಿಗೆ ಕಾರಣವಾಗಿದ್ದ ದೆಹಲಿ ರೇಸ್ ಕ್ಲಬ್ಬಿನ ಮೈದಾನ ಮಾತ್ರ ಪಕ್ಕದಲ್ಲಿ ಹಾಗೆಯೇ ಉಳಿಯಿತು. ಕುದುರೆಗಳಿಗೆ ಇದರಿಂದ ಏನೂ ಆಗಲಿಲ್ಲ. ಸರಿಯಾಗಿ ಒಂದು ವಾರ ಕಳೆದು, ಸೆಪ್ಟೆಂಬರ್ 28ರಂದು, ಐರ್ಲೆಂಡಿನಲ್ಲಿ ಅರವತ್ತು ಕುದುರೆಗಳ ವಿಳಾಸವೇ ಬದಲಾಗುವ ಸುದ್ದಿ ಹೊರಬಿತ್ತು. ಆ ದೇಶದ ಅತಿ ದೊಡ್ಡ ಕುದುರೆ ಮಾಲೀಕರಲ್ಲಿ ಒಬ್ಬರು ಅಲ್ಲಿನ ಅತಿ ಯಶಸ್ವಿ ತರಬೇತುದಾರನ ಲಾಯದಿಂದ ತಮ್ಮ ಕುದುರೆಗಳನ್ನೆಲ್ಲ ಬಿಡಿಸಿಕೊಂಡು ಹೊರಟಿದ್ದರು. ಕಾರಣ ಕೇಳಿದವರು ನಂಬಲಿಲ್ಲ. ಜಗಳವಿಲ್ಲ, ಮೋಸವಿಲ್ಲ, ಕುದುರೆ ಸೋತದ್ದೂ ಅಲ್ಲ. ತರಬೇತಿಯ ದರ ಏರಿತ್ತು, ಅಷ್ಟೆ.

ದೆಹಲಿಯಲ್ಲಾಗಲಿ, ಬೆಂಗಳೂರು, ಮೈಸೂರಿನಲ್ಲಾಗಲಿ ರೇಸು ಎಂದರೆ ಸಮತಟ್ಟಾದ ಹಾದಿಯ ಓಟ. ಐರ್ಲೆಂಡ್, ಇಂಗ್ಲೆಂಡಿನ ಚಳಿಗಾಲದ ರೇಸು ಬೇರೆ. ಅಲ್ಲಿ ಕುದುರೆ ಎರಡು ಮೈಲಿಯಿಂದ ನಾಲ್ಕು ಮೈಲಿಗೂ ಹೆಚ್ಚು ದೂರ, ಬೇಲಿಗಳನ್ನು ಹಾರುತ್ತಾ ಓಡಬೇಕು. ಸಮತಟ್ಟು ಹಾದಿಯಲ್ಲಿ ಗೆದ್ದ ಗಂಡು ಕುದುರೆ ಮೂರು ನಾಲ್ಕು ವರ್ಷಕ್ಕೇ ನಿವೃತ್ತಿಯಾಗಿ ತಳಿ ಬೆಳೆಸಲು ಹೋಗುತ್ತದೆ. ಮಾಲೀಕನಿಗೆ ನಿಜವಾದ ದುಡ್ಡು ಬರುವುದು ಅಲ್ಲಿಂದ. ಬೇಲಿ ಹಾರುವ ಗಂಡು ಕುದುರೆಗಳಲ್ಲಿ ಹೆಚ್ಚಿನವು ಬೀಜ ಒಡೆದವು. ಅವುಗಳ ಬೆಲೆಯೆಲ್ಲ ಓಟದಲ್ಲೇ ಇದೆ. ಹತ್ತು, ಹನ್ನೊಂದು ವಯಸ್ಸಿನವರೆಗೂ ಓಡುತ್ತವೆ. ಅಷ್ಟು ವರ್ಷ ಒಂದೇ ಲಾಯದಲ್ಲಿ, ಒಬ್ಬನೇ ಕಾಸ್ತಾರನ ಕೈಯಲ್ಲಿ ಮೇವು ತಿಂದು ಬೆಳೆದ ಕುದುರೆಗೆ ಯಾವ ಕಾಲು ಬೇಗ ನೋಯುತ್ತದೆ, ಯಾವ ದಿನ ಅದು ಮೇವು ಬಿಡುತ್ತದೆ ಎಂಬುದು ಮಾಲೀಕನಿಗಿಂತ ಲಾಯದವರಿಗೇ ಚೆನ್ನಾಗಿ ಗೊತ್ತು.

ಮಾಲೀಕರ ಹೆಸರು ಮೈಕಲ್ ಓಲಿಯರಿ. ರಯನ್‌ಏರ್ ವಿಮಾನ ಕಂಪನಿಯ ಮುಖ್ಯಸ್ಥ. ಕಾಸಿಗೆ ಕಾಸು ಲೆಕ್ಕ ಹಾಕಿ ಅಗ್ಗದ ಟಿಕೆಟ್ ಮಾರುವುದನ್ನೇ ಸಾಮ್ರಾಜ್ಯವಾಗಿ ಬೆಳೆಸಿದವರು. ಅವರ ಕುದುರೆಗಳು ಗಿಗಿನ್ಸ್‌ಟೌನ್ ಹೌಸ್ ಸ್ಟಡ್ ಎಂಬ ಹೆಸರಿನಲ್ಲಿ ಓಡುತ್ತವೆ. ಜಾಕಿಯ ಅಂಗಿ ಕೆಂಗಂದು, ಎದೆಯ ಮೇಲೆ ಬಿಳಿ ನಕ್ಷತ್ರ. 2016ರ ವಸಂತದಲ್ಲಿ ಈ ಅಂಗಿ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ಪನ್ನೂ ಗ್ರ್ಯಾಂಡ್ ನ್ಯಾಷನಲ್ಲನ್ನೂ ಗೆದ್ದಿತ್ತು. ಗಮನಿಸಬೇಕಾದದ್ದೆಂದರೆ, ಆ ಎರಡು ಕುದುರೆಗಳೂ ಬೇರೆ ಬೇರೆ ತರಬೇತುದಾರರ ಕೈಯಲ್ಲಿದ್ದವು. ಎಲ್ಲ ಮೊಟ್ಟೆಗಳನ್ನೂ ಒಂದೇ ಬುಟ್ಟಿಯಲ್ಲಿ ಇಡುವ ಪೈಕಿಯವರಲ್ಲ ಓಲಿಯರಿ.

ತರಬೇತುದಾರ ವಿಲ್ಲಿ ಮಲಿನ್ಸ್, ಕಾರ್ಲೊ ಕೌಂಟಿಯ ಕ್ಲೊಸಟನ್ನಿನವರು. ಅಪ್ಪ ಪ್ಯಾಡಿ ಮಲಿನ್ಸ್ ಕೂಡ ಹೆಸರಾಂತ ತರಬೇತುದಾರ. ಚಾಂಪಿಯನ್ ಹರ್ಡಲ್ ಮತ್ತು ಗೋಲ್ಡ್ ಕಪ್ ಎರಡನ್ನೂ ಗೆದ್ದ ಡಾನ್ ರನ್ ಎಂಬ ಹೆಣ್ಣು ಕುದುರೆಯನ್ನು ತಯಾರು ಮಾಡಿದವರು. ಮಗ 1988ರಲ್ಲಿ ಸ್ವಂತ ಪರವಾನಗಿ ಪಡೆದು, ಅಪ್ಪನನ್ನೂ ಮೀರಿ ಬೆಳೆದರು. ಹತ್ತು ವರ್ಷದಿಂದ ದರ ಏರಿಸಿರಲಿಲ್ಲ, ಈ ವರ್ಷ ಏರಿಸಿದೆ, ಗಿಗಿನ್ಸ್‌ಟೌನ್ ಒಪ್ಪಲಿಲ್ಲ ಎಂಬುದೇ ಅವರು ಕೊಟ್ಟ ವಿವರಣೆಯ ಸಾರ. ಒಬ್ಬರನ್ನೊಬ್ಬರು ಬೈಯಲಿಲ್ಲ. ಗಿಗಿನ್ಸ್‌ಟೌನ್ ಕಡೆಯವರು ಮಲಿನ್ಸ್‌ಗೆ ಕೃತಜ್ಞತೆ ಹೇಳಿಯೇ ಹೊರಟರು.

ದರ ಎಂದರೆ ಏನು? ಕುದುರೆಯೊಂದಕ್ಕೆ ದಿನಕ್ಕಿಷ್ಟು ಎಂದು ಮಾಲೀಕ ಕೊಡುವ ಹಣ. ಮೇವು, ಹುಲ್ಲು, ಲಾಯದ ಆಳುಗಳ ಸಂಬಳ, ಓಡಿಸಿ ಪಳಗಿಸುವ ಹಾದಿಯ ನಿರ್ವಹಣೆ ಎಲ್ಲವೂ ಅದರಲ್ಲೇ ಆಗಬೇಕು. ಗೆದ್ದಾಗ ಬಹುಮಾನದಲ್ಲೊಂದು ಪಾಲು ತರಬೇತುದಾರನಿಗೆ ಸಿಗುತ್ತದೆ, ನಿಜ. ಆದರೆ ಗೆಲ್ಲುವ ಕುದುರೆಗಳು ಎಷ್ಟು? ಉಳಿದವೂ ದಿನಕ್ಕೆರಡು ಹೊತ್ತು ತಿನ್ನುತ್ತವೆ. ಹತ್ತು ವರ್ಷ ದರ ಏರದಿದ್ದರೆ ನಡುವಿನ ವ್ಯತ್ಯಾಸವನ್ನು ಯಾರೋ ಭರಿಸಿರುತ್ತಾರೆ. ಗೆಲುವಿನ ಪಾಲಿನಿಂದಲೋ, ಲಾಭವನ್ನು ತಗ್ಗಿಸಿಕೊಂಡೋ, ಅದನ್ನು ಭರಿಸಿದ್ದು ಲಾಯವೇ. ಇತ್ತ ಓಲಿಯರಿಯ ಲೆಕ್ಕವೂ ಸುಳ್ಳಲ್ಲ. ಒಂದು ಕುದುರೆಗೆ ದಿನಕ್ಕೆ ಕೆಲವೇ ಯೂರೊ ಹೆಚ್ಚಾದರೂ ಅದನ್ನು ಅರವತ್ತರಿಂದಲೂ, ವರ್ಷದ ದಿನಗಳಿಂದಲೂ ಗುಣಿಸಬೇಕು. ಹೆಚ್ಚು ಸಾಮಾನು ಕೊಳ್ಳುವವನಿಗೆ ರಿಯಾಯಿತಿ ಸಿಗಬೇಕು ಎಂಬುದು ವ್ಯಾಪಾರದ ಹಳೆಯ ನಂಬಿಕೆ. ಒಬ್ಬ ಮಾಲೀಕನಿಗೆ ರಿಯಾಯಿತಿ ಕೊಟ್ಟರೆ ಒಂದೇ ಕುದುರೆ ಇಟ್ಟ ರೈತನಿಗೆ ಏನು ಹೇಳುವುದು ಎಂಬುದು ತರಬೇತುದಾರನ ಕಷ್ಟ.

ಕುದುರೆಗಳು ಹಂಚಿಹೋದವು. ಹಿಂದಿನ ಏಪ್ರಿಲ್‌ನಲ್ಲಿ ಏಂಟ್ರಿಯಲ್ಲಿ 41 ಕುದುರೆಯುದ್ದದ ಅಂತರದಿಂದ ಗೆದ್ದಿದ್ದ ಎಳೆಯ ಹೆಣ್ಣು ಕುದುರೆ ಆ್ಯಪಲ್ಸ್ ಜೇಡ್, ಗೋಲ್ಡ್ ಕಪ್ಪಿನಲ್ಲಿ ಮೂರನೆಯದಾಗಿದ್ದ ಡಾನ್ ಪೋಲಿ, ಔಟ್‌ಲ್ಯಾಂಡರ್ ಇವೆಲ್ಲ ಗಾರ್ಡನ್ ಎಲಿಯಟ್ ಎಂಬ ಕಿರಿಯ ತರಬೇತುದಾರನ ಬಳಿಗೆ ಹೋದವು. ಇನ್ನು ಕೆಲವು ಹೆನ್ರಿ ಡಿ ಬ್ರಾಮ್‌ಹೆಡ್ ಮೊದಲಾದವರ ಪಾಲಾದವು. ಮಲಿನ್ಸ್ ಕಳೆದುಕೊಂಡದ್ದು ಅರವತ್ತು ಮಾತ್ರವಲ್ಲ. ಅವೇ ಅರವತ್ತು ಇನ್ನು ಎದುರಾಳಿಯ ಬಲವಾದವು. ಅದರ ಮೇಲೆ ನವೆಂಬರ್‌ನಲ್ಲಿ ವೋಟೂರ್ ಎಂಬ ಅಪ್ರತಿಮ ಕುದುರೆ ಅಪಘಾತದಲ್ಲಿ ಸತ್ತಿತು. ಡಿಸೆಂಬರ್‌ನಲ್ಲಿ ಲೆಪರ್ಡ್ಸ್‌ಟೌನಿನ ದೊಡ್ಡ ರೇಸನ್ನು ಔಟ್‌ಲ್ಯಾಂಡರ್ ಎಲಿಯಟ್‌ಗಾಗಿ ಗೆದ್ದಿತು. 2017ರ ಮಾರ್ಚ್‌ನ ಚೆಲ್ಟನ್‌ಹ್ಯಾಮ್‌ನಲ್ಲಿ ಮೊದಲ ಎರಡು ದಿನ ಮಲಿನ್ಸ್‌ಗೆ ಒಂದೂ ಗೆಲುವಿಲ್ಲ. ಮೊದಲ ದಿನವೇ ಅವರ ಎರಡು ಹೆಣ್ಣು ಕುದುರೆಗಳನ್ನು ಹಿಂದೆ ಹಾಕಿ ಗೆದ್ದದ್ದು ಅದೇ ಆ್ಯಪಲ್ಸ್ ಜೇಡ್. ಮೂರನೆಯ ದಿನ ನಾಲ್ಕು, ನಾಲ್ಕನೆಯ ದಿನ ಎರಡು ಗೆದ್ದು ಅವರು ಆರಕ್ಕೆ ಮುಟ್ಟಿದರು. ಎಲಿಯಟ್‌ರದ್ದೂ ಆರೇ, ನಂತರದ ಸ್ಥಾನಗಳ ಲೆಕ್ಕದಲ್ಲಿ ಅಗ್ರ ತರಬೇತುದಾರನ ಪಟ್ಟ ಎಲಿಯಟ್‌ಗೆ ಹೋಯಿತು.

ಋತುವಿನ ಒಟ್ಟು ಬಹುಮಾನದ ಮೇಲೆ ದೇಶದ ಚಾಂಪಿಯನ್ ತರಬೇತುದಾರ ಯಾರೆಂದು ತೀರ್ಮಾನವಾಗುತ್ತದೆ. ಕೊನೆಯ ವಾರದ ಪಂಚ್‌ಸ್ಟೌನ್ ರೇಸುಗಳು ಶುರುವಾದಾಗ ಎಲಿಯಟ್ ಸುಮಾರು ನಾಲ್ಕು ಲಕ್ಷ ಯೂರೊ ಮುಂದಿದ್ದರು. ಐದು ದಿನದಲ್ಲಿ ಮಲಿನ್ಸ್ ಅದನ್ನು ಅಳಿಸಿ ದಾಟಿದರು. 2019ರಲ್ಲಿ, ಅದುವರೆಗೆ ಅವರಿಗೆ ಒಲಿಯದಿದ್ದ ಗೋಲ್ಡ್ ಕಪ್ಪನ್ನು ಆಲ್ ಬೂಮ್ ಫೋಟೊ ತಂದುಕೊಟ್ಟಿತು. ಓಲಿಯರಿಯೂ ಸೋಲಲಿಲ್ಲ. ಎಲಿಯಟ್ ಬಳಿಯಿದ್ದ ಅವರ ಟೈಗರ್ ರೋಲ್ 2018, 2019ರಲ್ಲಿ ಸಾಲಾಗಿ ಎರಡು ಗ್ರ್ಯಾಂಡ್ ನ್ಯಾಷನಲ್ ಗೆದ್ದಿತು. ಎಪ್ಪತ್ತರ ದಶಕದ ರೆಡ್ ರಮ್ ನಂತರ ಅದನ್ನು ಯಾವ ಕುದುರೆಯೂ ಮಾಡಿರಲಿಲ್ಲ.

ಹಾಗಾದರೆ ಗೆದ್ದವರು ಯಾರು? ಈ ಪ್ರಶ್ನೆ ಕೇಳಿದವರೆಲ್ಲ ಬಹುಮಾನದ ಪಟ್ಟಿ ನೋಡುತ್ತಾರೆ. ಆದರೆ ಈ ಪ್ರಕರಣದ ತಿರುಳು ಪಟ್ಟಿಯಲ್ಲಿಲ್ಲ. ಅತಿ ದೊಡ್ಡ ಗಿರಾಕಿಗೆ, ಅವನು ಎದ್ದು ಹೋಗುತ್ತಾನೆಂದು ಗೊತ್ತಿದ್ದೂ, ನನ್ನ ಕೆಲಸಕ್ಕೆ ಇಷ್ಟು ಎಂದು ಒಬ್ಬ ಕಸುಬುದಾರ ಹೇಳಿದ ಎಂಬಲ್ಲಿದೆ. ಹಾಗೆ ಹೇಳುವ ಧೈರ್ಯ ಎಲ್ಲಿಂದ ಬಂತು ಎಂಬುದನ್ನೂ ನೋಡಬೇಕು. ಮಲಿನ್ಸ್ ಲಾಯದಲ್ಲಿ ಅರವತ್ತು ಹೋದ ಮೇಲೂ ನೂರಕ್ಕೂ ಹೆಚ್ಚು ಕುದುರೆಗಳಿದ್ದವು, ಬೇರೆ ಸಿರಿವಂತ ಮಾಲೀಕರಿದ್ದರು. ಇಪ್ಪತ್ತು ಕುದುರೆಗಳಿದ್ದು, ಅವುಗಳಲ್ಲಿ ಹದಿನೈದು ಒಬ್ಬನವೇ ಆಗಿದ್ದರೆ ಆ ತರಬೇತುದಾರ ಹನ್ನೊಂದನೆಯ ವರ್ಷವೂ ಹಳೆಯ ದರದಲ್ಲೇ ಮೇವು ಹಾಕುತ್ತಿದ್ದ.

ಇದನ್ನು ಅರಿಯಲು ಐರ್ಲೆಂಡಿಗೆ ಹೋಗಬೇಕಿಲ್ಲ. ಗುರುಗ್ರಾಮದ, ನೋಯ್ಡಾದ ಬಹುಮಹಡಿ ಮನೆಗಳಲ್ಲಿ ಅಡುಗೆ ಮಾಡುವ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತು. ಒಂದೇ ಮನೆಯಲ್ಲಿ ಉಳಿದುಕೊಂಡು ದುಡಿಯುವವಳು ಸಂಬಳ ಹೆಚ್ಚಿಸಿ ಎನ್ನಲು ದೀಪಾವಳಿಯವರೆಗೆ ಕಾಯುತ್ತಾಳೆ, ಆಗಲೂ ಬಾಯಿ ಬರುವುದಿಲ್ಲ. ಐದು ಮನೆಗಳಲ್ಲಿ ರೊಟ್ಟಿ ಬಡಿಯುವವಳು ಬಾಗಿಲಲ್ಲೇ ನಿಂತು, ‘ಮುಂದಿನ ತಿಂಗಳಿಂದ ಇಷ್ಟು, ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ ದೀದಿ’ ಎನ್ನುತ್ತಾಳೆ. ಇಬ್ಬರ ಕೈರುಚಿಯಲ್ಲಿ ವ್ಯತ್ಯಾಸವಿಲ್ಲದಿರಬಹುದು. ವ್ಯತ್ಯಾಸ ಇರುವುದು ಉಳಿದ ನಾಲ್ಕು ಮನೆಗಳಲ್ಲಿ.

ಕಸುಬಿನ ಮರ್ಯಾದೆ ಕಸುಬಿನಿಂದಲೇ ಬರುತ್ತದೆ ಎಂದು ಹೇಳಿಕೊಡುವವರು ಈ ನಾಲ್ಕು ಮನೆಗಳ ವಿಷಯ ಹೇಳುವುದಿಲ್ಲ. ಮಲಿನ್ಸ್ ಮೂವತ್ತು ವರ್ಷದ ಸಮೀಪ ಕಲಿತದ್ದು ಕುದುರೆಯ ವಿದ್ಯೆ. ಜೊತೆಗೆ, ಯಾರೊಬ್ಬರೂ ಬಿಟ್ಟುಹೋದರೆ ಲಾಯ ಮುಚ್ಚಬಾರದು ಎಂಬ ಏರ್ಪಾಡನ್ನೂ ಕಟ್ಟಿಕೊಂಡಿದ್ದರು. ಆ ಸೆಪ್ಟೆಂಬರ್‌ನಲ್ಲಿ ಕೆಂಗಂದು ಅಂಗಿಯ ಕುದುರೆಗಳು ಒಂದೊಂದಾಗಿ ಹೊರಟಾಗ ಅವರಿಗೆ ನೋವಾಗಿರಲೇಬೇಕು. ಆದರೆ ಮರುದಿನ ಬೆಳಿಗ್ಗೆ ಓಡಿಸಲು ಕುದುರೆಗಳಿದ್ದವು, ಅವಕ್ಕೆ ಹೊಸ ದರವೂ ಇತ್ತು.