ಮತ್ತೆ ಕಾಲೇಜಿಗೆ, ಅಜ್ಜಿಯ ಕ್ಯಾಸೆಟ್ಟಿನ ಜೊತೆ

ಆಗಸ್ಟ್ ತಿಂಗಳಿಂದ ನಾನು ಮತ್ತೆ ವಿದ್ಯಾರ್ಥಿ! 36ನೇ ವಯಸ್ಸಲ್ಲಿ, 12 ವರ್ಷ ಮಾಡಿದ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಬಿಟ್ಟು ಮ್ಯೂಸಿಕ್ ಟೆಕ್ನಾಲಜಿ ಓದೋಕೆ ಹೊರಟಿದ್ದೀನಿ. "ಅದು ಹಾಡು ಕಲಿಯೋದಾ, ಕಂಪ್ಯೂಟರ್ ಕಲಿಯೋದಾ?" ಅಂತ ಅಮ್ಮ ಕೇಳಿದರು. ಎರಡೂ ಅಂದೆ. "ಮತ್ತೆ ಸಂಬಳ?" ಅಂದರು. ಸುಮ್ಮನಾದೆ. ಎರಡು ವರ್ಷ ಉಳಿತಾಯದಲ್ಲೇ ಬದುಕು ಸಾಗಬೇಕು.

ಬರುವ ಮುಂಚೆ ಓದಿಕೊಂಡಿರಿ ಅಂತ ಕೋರ್ಸಿನವರು ಒಂದು ಪಟ್ಟಿ ಕಳಿಸಿದ್ದಾರೆ. ಸ್ಟಾಫ್ ನೊಟೇಶನ್, ಲಾಗರಿದಮ್, ಸ್ವಲ್ಪ ಪೈಥಾನ್. ಪೈಥಾನ್ ಬರುತ್ತೆ ಬಿಡಿ. ಲಾಗರಿದಮ್ಮನ್ನು ಪಿಯುಸಿಯಲ್ಲೇ ಬಿಟ್ಟುಬಂದಿದ್ದೆ, ಈಗ ನೋಡಿದರೆ ಶ್ರುತಿಯ ಲೆಕ್ಕವೆಲ್ಲ ಅದರ ಮೇಲೇ ನಿಂತಿದೆ. ಒಂದು ಸ್ಥಾಯಿ ಮೇಲೆ ಹೋದರೆ ಕಂಪನ ಎರಡು ಪಟ್ಟು. ಆ ಸ್ಥಾಯಿಯನ್ನು 1200 ಸೆಂಟ್ ಅಂತ ಹಂಚುತ್ತಾರೆ. ಕೀಬೋರ್ಡಿನ ಅಂತರ ಗಾಂಧಾರ 400 ಸೆಂಟಿನಲ್ಲಿ. ತಂಬೂರಿಯ ಷಡ್ಜದ ತಂತಿಯೊಳಗಿಂದ ತಾನಾಗೇ ಕೇಳಿಬರುವ ಗಾಂಧಾರ ಸುಮಾರು 386ರಲ್ಲಿ. ಚಿಕ್ಕಂದಿನಲ್ಲಿ ಸಂಗೀತದ ಮೇಷ್ಟ್ರು "ಹಾರ್ಮೋನಿಯಂ ಮುಟ್ಟಬೇಡ" ಅಂತ ಯಾಕೆ ಗದರುತ್ತಿದ್ದರು ಅನ್ನೋದು ಈಗ ಲೆಕ್ಕದ ಸಮೇತ ಗೊತ್ತಾಯ್ತು :)

ಇಷ್ಟೆಲ್ಲ ಸಾಹಸಕ್ಕೆ ಕಾರಣ ಒಂದು ಕ್ಯಾಸೆಟ್ಟು. 1991ರಲ್ಲಿ ಸಾಗರದ ನಮ್ಮ ಮನೆಯಲ್ಲಿ ಅಜ್ಜಿ ಹೇಳಿದ ಹಸೆ ಹಾಡುಗಳನ್ನು ಚಿಕ್ಕಪ್ಪ ರೆಕಾರ್ಡ್ ಮಾಡಿದ್ದರು. ಅಜ್ಜಿಯ ದನಿ ಅಂತ ಈಗ ಉಳಿದಿರೋದು ಅದೊಂದೇ. ಕಳೆದ ವರ್ಷ ಅದನ್ನು ಕಂಪ್ಯೂಟರಿಗೆ ಹಾಕಿ ಕೇಳಿಸಿದರೆ ಅಮ್ಮ, "ಇದು ಅತ್ತೆ ದನಿ ಅಲ್ವೇ ಅಲ್ಲ, ಇಷ್ಟು ಕೀರಲು ಇರಲಿಲ್ಲ" ಅಂದುಬಿಟ್ಟರು!

ಅಮ್ಮ ಹೇಳಿದ್ದರಲ್ಲಿ ನಿಜ ಇತ್ತು. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ರೆಕಾರ್ಡ್ ಮಾಡುವಾಗ ನಿಧಾನಕ್ಕೆ ಓಡಿದ್ದರೆ, ಸರಿಯಾದ ಪ್ಲೇಯರಿನಲ್ಲಿ ಹಾಕಿದಾಗ ದನಿ ಮೇಲೇರುತ್ತದೆ. ಆದರೆ ಎಷ್ಟು ಏರಿದೆ ಅಂತ ತಿಳಿಯೋದು ಹೇಗೆ? ಇಲ್ಲಿದೆ ಮಜಾ. ಕರೆಂಟಿಗೆ ಹಾಕಿದ ರೆಕಾರ್ಡರುಗಳಲ್ಲಿ ಹಾಡಿನ ಕೆಳಗೆ ಸಣ್ಣಗೆ 'ಗುಂಯ್' ಅಂತ ಒಂದು ಶಬ್ದ ಸೇರಿಕೊಂಡಿರುತ್ತೆ. ನಮ್ಮ ಕರೆಂಟಿನದು 50 ಹರ್ಟ್ಸ್. ಅಜ್ಜಿಯ ಕ್ಯಾಸೆಟ್ಟಿನಲ್ಲಿ ಅದು 53ರಲ್ಲಿ ಕಂಡಿತು. ಅಂದರೆ ಶೇಕಡಾ 6 ಜಾಸ್ತಿ, ಸುಮಾರು ಒಂದು ಸ್ವರಸ್ಥಾನ. ಅಷ್ಟಕ್ಕೇ ಮುಗಿಯಲಿಲ್ಲ, ಆ ಕಾಲದ ನಮ್ಮ ಗ್ರಿಡ್ಡು 50ರಲ್ಲಿ ನೆಟ್ಟಗೆ ಎಲ್ಲಿ ನಿಲ್ಲುತ್ತಿತ್ತು? 49ಕ್ಕಿಂತ ಕೆಳಗೂ ಇಳಿಯುತ್ತಿತ್ತು. 48.5 ಅಂತ ಹಿಡಿದರೆ ಒಂದೂವರೆ ಸ್ವರಸ್ಥಾನ ಇಳಿಸಬೇಕು.

ಎರಡೂ ಥರ ಮಾಡಿ ಅಮ್ಮನಿಗೆ ಕೇಳಿಸಿದೆ. ಮೊದಲನೆಯದಕ್ಕೆ "ಹೂಂ, ಪರವಾಗಿಲ್ಲ" ಅಂದರು. ಎರಡನೆಯದಕ್ಕೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಇನ್ನೊಂದ್ಸಲ ಹಾಕು" ಅಂದರು. ಮಾರನೇ ದಿನ ಕೋರ್ಸಿಗೆ ಅರ್ಜಿ ಹಾಕಿದೆ.

ಕೆಲಸ ಇನ್ನೂ ಇದೆ. ಕ್ಯಾಸೆಟ್ಟಿನ ಕೊನೆಗೆ ಬರುವಾಗ ಆ ಗುಂಯ್ 53, 54 ಅಂತ ತೂರಾಡುತ್ತೆ. ಅದನ್ನೇ ಹಿಂಬಾಲಿಸಿ ಹಾಡಿನುದ್ದಕ್ಕೂ ವೇಗ ತಿದ್ದುವ ಪ್ರೋಗ್ರಾಂ ಬರೆಯಬೇಕು. ಸಾಧ್ಯವಾದರೆ ಅದೇ ನನ್ನ ಪ್ರಾಜೆಕ್ಟು. ಇನ್ನೊಂದು ಬದಿ ಕಂಪ್ಯೂಟರಿಗೆ ಹಾಕೋದೂ ಬಾಕಿ, ಅಷ್ಟರಲ್ಲಿ ನಮ್ಮ ಡೆಕ್ಕಿನ ರಬ್ಬರ್ ಬೆಲ್ಟು ಕರಗಿ ಅಂಟಾಗಿ ಕೂತಿದೆ. ನಿಮ್ಮಲ್ಲಿ ಯಾರ ಮನೆ ಅಟ್ಟದಲ್ಲಾದರೂ ಓಡುವ ಕ್ಯಾಸೆಟ್ ಡೆಕ್ ಇದ್ದರೆ ಒಂದು ವಾರದ ಮಟ್ಟಿಗೆ ಕೊಡ್ತೀರಾ? ನಾನೇ ಬಂದು ತಗೊಂಡು ಹೋಗ್ತೀನಿ.