ಶನಿವಾರ ನೆಲಮಾಳಿಗೆಯಲ್ಲಿರುವ ಮನೆ

ಮಾಂಟಿಚೆಲ್ಲೊದ ಹಜಾರಕ್ಕೆ ಬಂದವರ ಕತ್ತು ತಾನಾಗಿ ಮೇಲಕ್ಕೇಳುತ್ತದೆ. ಬಾಗಿಲ ನೆತ್ತಿಯಲ್ಲೊಂದು ದೊಡ್ಡ ಗಡಿಯಾರ. ಅದರಿಂದ ಹೊರಟ ಹಗ್ಗಗಳಲ್ಲಿ ಫಿರಂಗಿ ಗುಂಡಿನಂಥ ತೂಕಗಳು ತೂಗುತ್ತಿವೆ. ವಾರವಿಡೀ ಅವು ಇಳಿಯುತ್ತಲೇ ಇರುತ್ತವೆ. ಗೋಡೆಯ ಮೇಲೆ ಬರೆದ ಯಾವ ಹೆಸರಿನ ಎದುರಿಗೆ ಗುಂಡು ಬಂದಿದೆಯೋ ಇವತ್ತು ಆ ವಾರ. ಆದರೆ ಏಳು ದಿನಕ್ಕೆ ಗೋಡೆಯ ಎತ್ತರ ಸಾಲಲಿಲ್ಲ. ನೆಲಕ್ಕೇ ತೂತು ಕೊರೆಸಿದರು, ಶನಿವಾರ ನೆಲಮಾಳಿಗೆಯಲ್ಲಿದೆ!

ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಬರೆದ ಥಾಮಸ್ ಜೆಫರ್ಸನ್ನರ ಮನೆಯಿದು. ವರ್ಜೀನಿಯಾ ಇನ್ನೂ ಬ್ರಿಟಿಷರ ವಸಾಹತಾಗಿದ್ದಾಗ, ಶಾರ್ಲಟ್ಸ್‌ವಿಲ್ ಬಳಿಯ ಬೆಟ್ಟದ ನೆತ್ತಿಯಲ್ಲಿ ಕಟ್ಟಲು ಶುರುಮಾಡಿ, ಕೆಡವಿ ಕಟ್ಟಿ ನಲವತ್ತು ವರ್ಷ ಕಳೆದರು. 1923ರಿಂದ ಒಂದು ಪ್ರತಿಷ್ಠಾನ ಇದನ್ನು ವಸ್ತುಸಂಗ್ರಹಾಲಯವಾಗಿ ಕಾಪಾಡಿಕೊಂಡು ಬಂದಿದೆ. ಊಟದ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಪಕ್ಕದ ಪುಟ್ಟ ಬಾಗಿಲು ತೆರೆದರೆ, ಕೆಳಗಿನಿಂದ ದ್ರಾಕ್ಷಾರಸದ ಬಾಟಲಿಯನ್ನು ಮೇಲಕ್ಕೆ ತರುವ ಗುಪ್ತ ಪೆಟ್ಟಿಗೆ! ಬಾಟಲಿ ಬರುತ್ತದೆ, ಅದನ್ನಿಟ್ಟ ಕೈ ಮಾತ್ರ ಅತಿಥಿಗಳ ಕಣ್ಣಿಗೆ ಬೀಳುವುದಿಲ್ಲ.

ಆ ಕೈಗಳನ್ನು ಹುಡುಕಿಕೊಂಡು ಹೊರಗೆ ಬಂದೆ. ಅದೇ ಗಡಿಯಾರಕ್ಕೆ ಹೊರಗೋಡೆಯಲ್ಲೂ ಒಂದು ಮುಖವಿದೆ. ಅಲ್ಲಿ ಗಂಟೆಯ ಮುಳ್ಳೊಂದೇ. ನಿಮಿಷವನ್ನು ತೋರಿಸುವುದು ಒಳಗಿನವರಿಗೆ ಮಾತ್ರ. ಹೊಲದಲ್ಲಿ ದುಡಿಯುವವರಿಗೆಂದು ಚಾವಣಿಯ ಮೇಲೆ ಜಾಗಟೆ ಮೊಳಗುತ್ತಿತ್ತು. ತಮ್ಮ ಜೀವಮಾನದಲ್ಲಿ ಜೆಫರ್ಸನ್ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. ಎಲ್ಲ ಮನುಷ್ಯರೂ ಸಮಾನರು ಎಂದು ಬರೆದವರು!

ಮನೆಯ ಕೆಳಗಿನ ಮಲ್ಬೆರಿ ರೋ ಎಂಬ ಬೀದಿಯಲ್ಲಿ ಆ ಗುಲಾಮರ ಗುಡಿಸಲುಗಳು, ಕುಲುಮೆ, ಬಡಗಿಸಾಲೆ ಇದ್ದವು. ಮನೆಯೊಳಗೆ ಎಷ್ಟು ಹೊತ್ತು ನಿಲ್ಲುತ್ತೀರೋ ಅಷ್ಟಾದರೂ ಹೊತ್ತು ಇಲ್ಲಿ ನಿಲ್ಲಬೇಕು. ಹತ್ತು ಹನ್ನೆರಡು ವರ್ಷದ ಹುಡುಗರು ಮೊಳೆ ಬಡಿಯುತ್ತಿದ್ದ ಜಾಗ ಇದು. ಕುರ್ಚಿ ಮೇಜುಗಳಿಂದ ಸಾರೋಟಿನವರೆಗೆ ಎಲ್ಲವನ್ನೂ ಮಾಡಬಲ್ಲ ಜಾನ್ ಹೆಮಿಂಗ್ಸ್ ಇಲ್ಲಿಯವರು. ಬೀದಿಯ ಕೆಳಗೆ ಸಾವಿರ ಅಡಿ ಉದ್ದದ ತರಕಾರಿ ತೋಟ. ಜೆಫರ್ಸನ್ ಇಲ್ಲಿ ಬೆಳೆಸಿದ್ದರಲ್ಲಿ ನಮ್ಮ ಬೆಂಡೆಯೂ ಎಳ್ಳೂ ಸೇರಿವೆ ಎಂದು ತಿಳಿದಾಗ ನೆಂಟರನ್ನು ಕಂಡಷ್ಟು ಹಿಗ್ಗಾಯಿತು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ಜೊತೆಗೇ ಅಮೆರಿಕಕ್ಕೆ ಬಂದ ಬೆಳೆಗಳು ಅವು.

1826ರಲ್ಲಿ ಜೆಫರ್ಸನ್ ತೀರಿಕೊಂಡಾಗ ಸಾಲ ಬೆಟ್ಟದಷ್ಟಿತ್ತು. ಮರುವರ್ಷ ಜನವರಿಯಲ್ಲಿ 130 ಜನರನ್ನು ಹರಾಜಿಗಿಟ್ಟರು. ಕಮ್ಮಾರ ಜೋಸೆಫ್ ಫಾಸೆಟ್‌ಗೆ ಉಯಿಲಿನಲ್ಲಿ ಬಿಡುಗಡೆಯಿತ್ತು, ಹೆಂಡತಿ ಮಕ್ಕಳಿಗೆ ಇರಲಿಲ್ಲ. ಹೆಂಡತಿ ಎಡಿತ್ ಫ್ರೆಂಚ್ ಅಡುಗೆಯಲ್ಲಿ ಪಳಗಿದ, ಈ ಮನೆಯ ಮುಖ್ಯ ಬಾಣಸಿಗಿತ್ತಿ. ಮಾರಾಟವಾದ ಮಕ್ಕಳಲ್ಲಿ ಪೀಟರ್‌ಗೆ ಆಗ ಹನ್ನೊಂದು ವರ್ಷ. ಅವರು ಕದ್ದುಮುಚ್ಚಿ ಓದು ಬರಹ ಕಲಿತರು, 1850ರ ಹೊತ್ತಿಗೆ ಬಿಡುಗಡೆ ಪಡೆದು ಸಿನ್ಸಿನಾಟಿಯಲ್ಲಿ ಚರ್ಚಿನ ಪಾದ್ರಿಯಾದರು. 1900ರಲ್ಲಿ, ಎಂಬತ್ತು ದಾಟಿದ ಮೇಲೆ, ತಾವು ಹುಟ್ಟಿದ ಈ ಮನೆಯನ್ನು ನೋಡಲು ಅತಿಥಿಯಾಗಿ ಬಂದರು.